ಪರೀಕ್ಷೆಗೇ ಕೂರದವರು ‘ಎಲ್ಲ ವಿಷಯದಲ್ಲೂ ಪಾಸ್’ ಪಟ್ಟಿಯಲ್ಲಿ! ತರ್ಕ ತಪ್ಪೋ, ನಾನು ತಪ್ಪೋ?

ಹೊಸಬ_ತುಮಕೂರು
ಎಲ್ಲರಿಗೂ ನಮಸ್ಕಾರ. ಒಂದು ಕಾಲೇಜಿನ ಆಫೀಸಿನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ನನ್ನದು. ಕಾಲೇಜಿನ ಹೆಸರು ಬೇಡ ಬಿಡಿ. ಹೋದ ವಾರ ಪ್ರಿನ್ಸಿಪಾಲರು ಕರೆದು, ‘ತಗೊಂಡ ಎಲ್ಲ ವಿಷಯದಲ್ಲೂ ಪಾಸಾದವರ ಪಟ್ಟಿ ಕೊಡಪ್ಪಾ’ ಅಂದರು. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ಅದರಲ್ಲಿ ಇದನ್ನು ನೇರವಾಗಿ ಕೇಳೋಕೆ ಆಗಲ್ಲ. ಹಾಗಾಗಿ ತಿರುಗಿಸಿ ಬರೆದೆ: ‘ಈ ಹುಡುಗ ತಗೊಂಡು, 35ಕ್ಕಿಂತ ಕಡಿಮೆ ಮಾರ್ಕ್ಸ್ ಪಡೆದ ವಿಷಯ ಒಂದೂ ಇರಬಾರದು.’ ನಾಟ್ ಎಕ್ಸಿಸ್ಟ್ಸ್ (‘ಅಂಥದ್ದು ಇಲ್ಲ’) ಹಾಕಿದೆ, 412 ಹೆಸರು ಬಂತು, ಪ್ರಿಂಟ್ ತೆಗೆದುಕೊಟ್ಟೆ.

ಸಾಯಂಕಾಲ ಮತ್ತೆ ಕರೆ. ಪಟ್ಟಿಯಲ್ಲಿ ಒಂಬತ್ತು ಜನ ಅಡ್ಮಿಷನ್ ಮಾಡಿಸಿ ಆಮೇಲೆ ಬೇರೆ ಕಡೆ ಹೋದವರು. ಒಂದು ವಿಷಯಕ್ಕೂ ನೋಂದಣಿ ಆಗಿಲ್ಲ. ‘ಇವನು ಕಾಲೇಜಿನ ಗೇಟೇ ದಾಟಿಲ್ಲ, ಎಲ್ಲದರಲ್ಲೂ ಪಾಸಾ?’ ಅಂತ ಸ್ಟಾಫ್ ರೂಮಿನ ಎದುರಿಗೇ ಕೇಳಿದರು. ಕೋಡ್ ಹತ್ತು ಸಲ ಓದಿದೆ, ತಪ್ಪು ಕಾಣುತ್ತಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ರಾಗಿಮುದ್ದೆ
ಒಂದೂ ಪರೀಕ್ಷೆ ಬರೆಯದೆ ಎಲ್ಲದರಲ್ಲೂ ಪಾಸ್! ನನ್ನ ಕಾಲದಲ್ಲಿ ಈ ಸಾಫ್ಟ್‌ವೇರ್ ಎಲ್ಲಿತ್ತು ಗುರೂ?

ಗಣಿತದ_ಮೇಷ್ಟ್ರು
ನಿಮ್ಮ ಕೋಡ್ ಸರಿ ಇದೆ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದೆ.

‘ಎಲ್ಲ’, ‘ಇದೆ’ ಅನ್ನುವ ಮಾತುಗಳನ್ನು ಸೂತ್ರವಾಗಿ ಬರೆಯುವ ತರ್ಕಕ್ಕೆ ಫಸ್ಟ್ ಆರ್ಡರ್ ಲಾಜಿಕ್ ಅಥವಾ ಪ್ರೆಡಿಕೇಟ್ ಲಾಜಿಕ್ ಅಂತಾರೆ. ಅದರಲ್ಲಿ ನಿಮ್ಮ ವಾಕ್ಯ ಹೀಗಾಗುತ್ತದೆ: ‘ಯಾವುದೇ ಕ ಹಿಡಿಯಿರಿ, ಕ ಅವನು ತಗೊಂಡ ವಿಷಯವಾಗಿದ್ದರೆ, ಕ-ದಲ್ಲಿ ಅವನು ಪಾಸಾಗಿದ್ದಾನೆ.’ ಇದನ್ನು ಸುಳ್ಳು ಮಾಡಲು ಒಂದೇ ದಾರಿ. ತಗೊಂಡು ಪಾಸಾಗದ ಒಂದು ವಿಷಯ ತೋರಿಸಬೇಕು. ವಿಷಯವೇ ತಗೊಂಡಿಲ್ಲ ಅಂದಮೇಲೆ ಎಲ್ಲಿಂದ ತೋರಿಸ್ತೀರಿ?

‘ನಮ್ಮ ಕೊಟ್ಟಿಗೆಯಲ್ಲಿರುವ ಆನೆಗಳೆಲ್ಲ ಬಿಳಿ’ ಅಂತ ನಾನು ಹೇಳಿದೆ ಅನ್ನಿ. ಸುಳ್ಳು ಅಂತ ಸಾಧಿಸಬೇಕಾದರೆ ನಮ್ಮ ಕೊಟ್ಟಿಗೆಯಿಂದ ಒಂದು ಕರಿ ಆನೆ ಹಿಡಿದು ತರಬೇಕು. ಕೊಟ್ಟಿಗೆಯಲ್ಲಿ ಇರೋದು ಒಂದು ಎಮ್ಮೆ, ಎರಡು ಕರು. ಹಾಗಾಗಿ ನನ್ನ ಮಾತು ನಿಜ.

ರಾಗಿಮುದ್ದೆ
ಸರ್, ಆನೆಗಳೆಲ್ಲ ಕರಿ ಅಂದರೂ ನಿಜ ತಾನೇ?

ಗಣಿತದ_ಮೇಷ್ಟ್ರು
ಅದೂ ನಿಜ. ಎರಡೂ ಒಟ್ಟಿಗೆ ನಿಜ. ಜಗಳ ಇಲ್ಲ, ಯಾಕಂದ್ರೆ ಆನೆ ಇಲ್ಲ.

ಕೋಡುಬಳೆ
ಥಿಯರಿ ಆಮೇಲೆ. ಹೊಸಬರೇ, ಇನ್ನೊಂದು ಷರತ್ತು ಸೇರಿಸಿ: ‘ಕನಿಷ್ಠ ಒಂದು ವಿಷಯವಾದರೂ ತಗೊಂಡಿರಬೇಕು.’ ಒಂದು ಎಕ್ಸಿಸ್ಟ್ಸ್ (‘ಅಂಥದ್ದು ಇದೆ’) ಸಾಕು. ಒಂಬತ್ತು ಜನ ಹೋಗ್ತಾರೆ. ಇನ್ನೊಂದು ಮಾತು, ಅವಸರಕ್ಕೆ ನಾಟ್ ಇನ್ ಹಾಕಬೇಡಿ.

ಹಠಮಾರಿ_ಹುಬ್ಬಳ್ಳಿ
ಇದು ತರ್ಕ ಅಲ್ರಿ, ಕೈಚಳಕ. ಜನ ಮಾತಾಡೋ ‘ಎಲ್ಲ’ ಒಂದು, ನಿಮ್ಮ ಪುಸ್ತಕದ ‘ಎಲ್ಲ’ ಇನ್ನೊಂದು. ಅಂಗಡ್ಯಾಗ ‘ನಮ್ಮಲ್ಲಿ ಇರೋ ಮಾವಿನಹಣ್ಣು ಎಲ್ಲಾ ರತ್ನಗಿರಿದು’ ಅಂತ ಹೇಳಿ, ಒಳಗ ಹೋದ್ರ ಒಂದೂ ಹಣ್ಣಿಲ್ಲ ಅಂದ್ರ ಅಂಗಡಿಯವ ಸುಳ್ಳ ಹೇಳ್ಯಾನ ಅಂತೀವಿ. ಪ್ರಿನ್ಸಿಪಾಲರದ್ದೇ ಸರಿ. ಅರಿಸ್ಟಾಟಲ್ ಸೈತ ಅವರ ಪಕ್ಷ.

ಗಣಿತದ_ಮೇಷ್ಟ್ರು
ಅರಿಸ್ಟಾಟಲ್ ವಿಷಯ ಸರಿ. ಅವನ ಲೆಕ್ಕದಲ್ಲಿ ‘ಎಲ್ಲ ಅ-ಗಳೂ ಬ’ ಅಂದರೆ ‘ಕೆಲವು ಅ-ಗಳು ಬ’ ಅನ್ನುವುದೂ ಬರುತ್ತಿತ್ತು. ಅಂದರೆ ಅ ಇದ್ದೇ ಇರಬೇಕು. ಆ ಗಂಟು ಬಿಚ್ಚಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1879ರಲ್ಲಿ ಜರ್ಮನಿಯ ತರ್ಕಶಾಸ್ತ್ರಜ್ಞ ಗೊಟ್ಲೋಬ್ ಫ್ರೆಗೆ ‘ಎಲ್ಲ’ ಮತ್ತು ‘ಹೀಗಿದ್ದರೆ ಹಾಗೆ’ ಎರಡನ್ನೂ ಬೇರೆ ಬೇರೆ ಗುರುತುಗಳಾಗಿ ಬರೆದು ತೋರಿಸಿದ.

ಯಾಕೆ ಬಿಚ್ಚಬೇಕು ಅಂದರೆ, ಗಣಿತದಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲದ ವಸ್ತುವಿನ ಬಗ್ಗೆ ಮೊದಲೇ ಮಾತಾಡಬೇಕಾಗುತ್ತದೆ. ‘ಈ ಸಮೀಕರಣಕ್ಕೆ ಸಿಗುವ ಉತ್ತರಗಳೆಲ್ಲ ಸಮಸಂಖ್ಯೆ’ ಅಂತ ಸಾಧಿಸುತ್ತೇವೆ. ಆಮೇಲೆ ‘ಉತ್ತರಗಳೆಲ್ಲ ಬೆಸಸಂಖ್ಯೆ’ ಅಂತಲೂ ಸಾಧಿಸುತ್ತೇವೆ. ಎರಡೂ ನಿಂತರೆ ಉತ್ತರವೇ ಇಲ್ಲ ಅಂತ ಗೊತ್ತಾಯಿತು. ಪ್ರತಿ ‘ಎಲ್ಲ’ದ ಜೊತೆಗೂ ‘ಇದೆ’ ಅಂತ ಅಂಟಿಸಿಕೊಂಡು ಕೂತರೆ ಈ ಕೆಲಸ ನಡೆಯೋದಿಲ್ಲ.

ನಿಮ್ಮ ಅಂಗಡಿಯವನದು ಸುಳ್ಳಲ್ಲ, ಮೋಸ. ಎರಡಕ್ಕೂ ವ್ಯತ್ಯಾಸ ಇದೆ.

ಹಠಮಾರಿ_ಹುಬ್ಬಳ್ಳಿ
ಗಿರಾಕಿಗೆ ಎರಡೂ ಒಂದೇರಿ.

ಸುಮ್ನೆ_ಓದ್ತೀನಿ
ಸೂತ್ರದಲ್ಲಿ ‘ಎಲ್ಲ’ಕ್ಕೆ ಬರೆಯೋ ಆ ತಲೆಕೆಳಗಾದ ಎ ಅಕ್ಷರ ಕಂಡುಹಿಡಿದದ್ದು ಇದೇ ಫ್ರೆಗೆ ಅಲ್ವಾ?

ಮಂಜು_ಮ್ಯೂನಿಕ್
ಅಲ್ಲ. ಫ್ರೆಗೆ ಅಡ್ಡ-ಉದ್ದ ಗೆರೆ ಎಳೆದು ಬರೆಯುತ್ತಿದ್ದ, ನೋಡಿದರೆ ಕರೆಂಟಿನ ವೈರಿಂಗ್ ನಕ್ಷೆ ಅನ್ನಿಸುತ್ತದೆ. ‘ಇದೆ’ ಅನ್ನೋದಕ್ಕೆ ಬರೆಯುವ ತಿರುಗಿಸಿದ ಇ ಗಣಿತಜ್ಞ ಪೆಯಾನೋದು. ತಲೆಕೆಳಗಿನ ಎ ಇನ್ನೊಬ್ಬ ಗಣಿತಜ್ಞ ಗೆಂಟ್ಸೆನ್‌ದು, 1935.

ಪಾಠಶಾಲೆ_ಹುಡುಗ
ಹಠಮಾರಿ ಅಣ್ಣನ ಕಡೆಗೆ ಇನ್ನೊಬ್ಬ ಸಾಕ್ಷಿ ತಂದಿದ್ದೇನೆ. ನಾವು ಪಾಠಶಾಲೆಯಲ್ಲಿ ಓದಿದ್ದು ಅನ್ನಂಭಟ್ಟನ ತರ್ಕಸಂಗ್ರಹ, ನ್ಯಾಯ ಅನ್ನುವ ನಮ್ಮ ಹಳೇ ತರ್ಕಪದ್ಧತಿಯ ಪುಸ್ತಕ. ಅದರಲ್ಲಿ ಆಶ್ರಯಾಸಿದ್ಧ ಅಂತ ಒಂದು ದೋಷ ಬರುತ್ತದೆ. ಉದಾಹರಣೆ: ‘ಆಕಾಶದ ತಾವರೆ ಪರಿಮಳವುಳ್ಳದ್ದು, ಯಾಕೆಂದರೆ ಅದು ತಾವರೆ, ಕೆರೆಯ ತಾವರೆಯ ಹಾಗೆ.’ ಇದು ಯಾಕೆ ತಪ್ಪು? ಆಕಾಶದಲ್ಲಿ ತಾವರೆಯೇ ಇಲ್ಲ. ಯಾವುದರ ಬಗ್ಗೆ ಹೇಳುತ್ತಿದ್ದೀರೋ ಆ ವಸ್ತುವೇ ಇಲ್ಲದಿದ್ದರೆ ನಿಮ್ಮ ಅನುಮಾನ, ಅಂದರೆ ತರ್ಕದಿಂದ ತೆಗೆದ ತೀರ್ಮಾನ, ಕೂರಲು ಜಾಗವೇ ಇಲ್ಲ. ಮೇಷ್ಟ್ರ ಬಿಳಿ ಆನೆಯನ್ನು ನೈಯಾಯಿಕರು, ಅಂದರೆ ನ್ಯಾಯಶಾಸ್ತ್ರದವರು, ಬಾಗಿಲಲ್ಲೇ ತಡೀತಿದ್ದರು.

ಅಷ್ಟೇ ಅಲ್ಲ. ‘ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಕಾಣುತ್ತಿದೆ’ ಅಂತ ಇನ್ನೊಬ್ಬರಿಗೆ ಒಪ್ಪಿಸಲು ಐದು ಮೆಟ್ಟಿಲು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಮೂರನೆಯದರಲ್ಲಿ ‘ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ’ ಅಂದರೆ ಸಾಲದು, ‘ಅಡುಗೆಮನೆಯ ಹಾಗೆ’ ಅಂತ ಕಣ್ಣಿಗೆ ಕಂಡ ಒಂದು ಜಾಗ ಹೇಳಬೇಕು. ‘ಎಲ್ಲ’ದ ಜೊತೆಗೆ ‘ಇಗೋ ಒಂದು’ ಬಂದೇ ಬರುತ್ತದೆ.

ಕನ್ನಡಿಗ_007
ಹಾಗಾದ್ರೆ ಪ್ರೆಡಿಕೇಟ್ ಲಾಜಿಕ್ ನಾವೇ ಮೊದಲು ಕಂಡುಹಿಡಿದದ್ದು! ಶೇರ್ ಮಾಡಿ ಎಲ್ಲರಿಗೂ!!

ಪಾಠಶಾಲೆ_ಹುಡುಗ
ದಯವಿಟ್ಟು ಮಾಡಬೇಡಿ. ನ್ಯಾಯಶಾಸ್ತ್ರದಲ್ಲಿ ಇರುವುದು ‘ನಮಗೆ ಸರಿಯಾದ ತಿಳಿವಳಿಕೆ ಹೇಗೆ ಹುಟ್ಟುತ್ತದೆ’ ಅನ್ನುವ ಪ್ರಶ್ನೆ. ಅರ್ಥ ನೋಡದೆ ಬರೀ ಆಕಾರ ನೋಡಿ ಚಿಹ್ನೆ ಓಡಿಸುವ ಕೆಲಸ ಅದಲ್ಲ. ಎರಡೂ ದೊಡ್ಡವೇ. ಒಂದೇ ಅಲ್ಲ.

ರಾಗಿಮುದ್ದೆ
ನಮ್ಮ ಅಡುಗೆಮನೆಯಲ್ಲಿ ಈಗ ಗ್ಯಾಸ್ ಒಲೆ. ಬೆಂಕಿ ಇದೆ, ಹೊಗೆ ಇಲ್ಲ. ನಿಮ್ಮ ಉದಾಹರಣೆ ಬಿತ್ತು.

ಪಾಠಶಾಲೆ_ಹುಡುಗ
ಬೀಳಲಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಅಂದದ್ದು, ಬೆಂಕಿ ಇದ್ದಲ್ಲಿ ಹೊಗೆ ಅಂದಿಲ್ಲ. ಅದಕ್ಕೆ ಹಳಬರೇ ಕಾದ ಕಬ್ಬಿಣದ ಗುಂಡನ್ನು ತೋರಿಸಿ ಮುಗಿಸಿದ್ದಾರೆ. ಬೆಂಕಿ ಇದೆ, ಹೊಗೆ ಇಲ್ಲ.

ಸುಮ್ನೆ_ಓದ್ತೀನಿ
ಪ್ರೆಡಿಕೇಟ್ ಲಾಜಿಕ್‌ಗೆ ಕನ್ನಡದಲ್ಲಿ ಏನಂತಾರೆ? ‘ವಿಧೇಯ ತರ್ಕ’ ಅಂತ ಎಲ್ಲೋ ನೋಡಿದ ನೆನಪು.

ಕೋಡುಬಳೆ
‘ಇಂತಿ ತಮ್ಮ ವಿಧೇಯ ತರ್ಕ’ ಅಂತ ರಜಾ ಅರ್ಜಿ ಬರೆದ ಹಾಗಿದೆ. ಪ್ರೆಡಿಕೇಟ್ ಲಾಜಿಕ್ ಅಂತಲೇ ಇರಲಿ.

ನುಡಿಮಲ್ಲಿಗೆ
ಭಾಷಾಶಾಸ್ತ್ರ ಓದಿದವಳು ಸುಮ್ಮನಿರಲು ಆಗುತ್ತಿಲ್ಲ, ಕ್ಷಮಿಸಿ. ಇಲ್ಲಿ ಎಲ್ಲರೂ ‘ಎಲ್ಲ’ದ ಹಿಂದೆ ಬಿದ್ದಿದ್ದೀರಿ. ಕನ್ನಡದಲ್ಲಿ ಅದಕ್ಕಿಂತ ಮಜಾ ಇರೋದು ‘ಇಲ್ಲ’ದಲ್ಲಿ.

‘ಎಲ್ಲರೂ ಬಂದಿಲ್ಲ.’ ಇದರ ಅರ್ಥ ಏನು? ‘ಇನ್ನೂ ಮೂವರು ಬರಬೇಕು, ಬಸ್ ಬಿಡಬೇಡಿ’ ಅಂತಲೂ ಆಗಬಹುದು. ಎಳೆದು ಹೇಳಿದರೆ ‘ಒಬ್ಬರೂ ಬಂದಿಲ್ಲ’ ಅಂತಲೂ ಕೆಲವರು ತಗೋತಾರೆ. ತರ್ಕದಲ್ಲಿ ಇವು ಎರಡು ಬೇರೆ ಸೂತ್ರ. ‘ಇಲ್ಲ’ ಹೊರಗೆ ನಿಂತು ‘ಎಲ್ಲ’ವನ್ನು ಒಳಗೆ ಹಾಕಿಕೊಂಡರೆ ಒಂದು, ‘ಎಲ್ಲ’ ಹೊರಗೆ ನಿಂತರೆ ಇನ್ನೊಂದು.

ಈ ವಿಷಯಕ್ಕೆ ಕನ್ನಡದ ಮಕ್ಕಳನ್ನೇ ಕೂರಿಸಿಕೊಂಡು ಪ್ರಯೋಗ ಮಾಡಿದ್ದಾರೆ ಗೊತ್ತಾ? ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ, 2002. ‘ನಾನು ಎರಡು ಪುಸ್ತಕ ಓದಲಿಲ್ಲ’ ಅನ್ನುವಂಥ ವಾಕ್ಯಗಳು. ಓದಿದ ಪುಸ್ತಕಗಳು ಎರಡು ಆಗಲಿಲ್ಲ ಅಂತಲೋ, ಓದದೆ ಬಿಟ್ಟ ಎರಡು ಪುಸ್ತಕ ಇವೆ ಅಂತಲೋ? ದೊಡ್ಡವರಿಗೆ ಎರಡೂ ಹೊಳೆಯುತ್ತವೆ. ನಾಲ್ಕು ವರ್ಷದ ಮಕ್ಕಳು, ಇಂಗ್ಲಿಷಿನವರಾಗಲಿ ಕನ್ನಡದವರಾಗಲಿ, ಹೆಚ್ಚಾಗಿ ಮೊದಲನೆಯದನ್ನೇ ಹಿಡಿಯುತ್ತಾರೆ. ಕನ್ನಡ ಯಾಕೆ ಬೇಕಾಯಿತು ಅಂದರೆ, ಇಂಗ್ಲಿಷಿನಲ್ಲಿ ‘ಇಲ್ಲ’ ‘ಎರಡು’ವಿಗಿಂತ ಮೊದಲು ಬರುತ್ತದೆ, ನಮ್ಮಲ್ಲಿ ಕೊನೆಗೆ ಬರುತ್ತದೆ. ಆದರೂ ಮಕ್ಕಳು ಒಂದೇ ಅರ್ಥ ಹಿಡಿದರು. ಅಂದರೆ ಅವರು ಲೆಕ್ಕ ಹಾಕುತ್ತಿರುವುದು ಯಾವ ಪದ ಮೊದಲು ಕೇಳಿಸಿತು ಅನ್ನುವುದನ್ನಲ್ಲ, ವಾಕ್ಯದ ಒಳಗಿನ ಮೇಲು-ಕೆಳಗನ್ನು.

ಸುಮ್ನೆ_ಓದ್ತೀನಿ
ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಕಾರ್ಯದರ್ಶಿ ‘ನಾಳೆ ಟ್ಯಾಂಕ್ ಕ್ಲೀನಿಂಗಿಗೆ ಎಲ್ಲರೂ ಬರಬೇಕಾಗಿಲ್ಲ’ ಅಂತ ಹಾಕಿದರು. ಐದಾರು ಜನ ಬಂದರೆ ಸಾಕು ಅನ್ನೋದು ಅವರ ಅರ್ಥ. ಬೆಳಗ್ಗೆ ಏಳಕ್ಕೆ ಬಕೆಟ್ ಹಿಡಿದು ನಿಂತಿದ್ದು ಅವರೊಬ್ಬರೇ.

ನುಡಿಮಲ್ಲಿಗೆ
ಅಯ್ಯೋ ಪಾಪ! ಇದನ್ನ ಮುಂದಿನ ಸಲ ಕ್ಲಾಸಿನಲ್ಲಿ ಹೇಳ್ತೀನಿ.

ಇನ್ನೊಂದು ಹೇಳಿಬಿಡ್ತೀನಿ. ‘ಎಲ್ಲರೂ ಒಂದು ಪುಸ್ತಕ ಓದಿದರು’. ಒಬ್ಬೊಬ್ಬರು ಬೇರೆ ಬೇರೆ ಪುಸ್ತಕವೋ, ಎಲ್ಲರೂ ಅದೇ ಪುಸ್ತಕವೋ? ತರ್ಕದ ಪಾಠದಲ್ಲಿ ಮೊದಲ ವಾರದ ಗೊಂದಲ ಇದು. ಕನ್ನಡದಲ್ಲಿ ‘ಒಂದೊಂದು ಪುಸ್ತಕ’ ಅಂದರೆ ಮುಗೀತು, ‘ಒಂದೇ ಪುಸ್ತಕ’ ಅಂದರೂ ಮುಗೀತು. ಸೂತ್ರದಲ್ಲಿ ಎರಡು ಗುರುತು ಹಿಂದೆಮುಂದೆ ಮಾಡಿ ಹೇಳೋದನ್ನ ನಾವು ಪದ ಎರಡು ಸಲ ಹೇಳಿ ತೀರಿಸುತ್ತೇವೆ.

ಗಣಿತದ_ಮೇಷ್ಟ್ರು
ಮೇಡಂ, ಮೂವತ್ತು ವರ್ಷ ಪಾಠ ಮಾಡಿದೆ, ‘ಒಂದೊಂದು’ ಹೊಳೆಯಲೇ ಇಲ್ಲ. ‘ಪ್ರತಿಯೊಂದಕ್ಕೂ ಒಂದಿದೆ’, ‘ಪ್ರತಿಯೊಂದಕ್ಕೂ ಸಲ್ಲುವ ಒಂದಿದೆ’ ಅಂತ ಬೋರ್ಡಿನ ಮೇಲೆ ಬರೆದು ಹುಡುಗರನ್ನು ಮಲಗಿಸಿದ್ದೇ ಬಂತು.

ಮಲೆನಾಡ_ಮಾಣಿ
ಪ್ರೊಲಾಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಫಸ್ಟ್ ಆರ್ಡರ್ ಲಾಜಿಕ್ ನೇರವಾಗಿ ಓಡೋದನ್ನ ನೋಡಬೇಕಾದರೆ ಅಲ್ಲೇ ನೋಡಬೇಕು. ಕಾಲೇಜ್ ಲ್ಯಾಬಿನಲ್ಲಿ ‘ಕುಟುಂಬ ವೃಕ್ಷ ಬರೆಯಿರಿ’ ಅಂತ ಕೊಟ್ಟಿದ್ದರು. ಪುಸ್ತಕದಲ್ಲಿ ‘ಅಂಕಲ್’ಗೆ ಒಂದು ನಿಯಮ. ನಾನು ಹಠಕ್ಕೆ ಬಿದ್ದು ಕನ್ನಡದಲ್ಲೇ ಬರೆದೆ (‘:-’ ಅಂದರೆ ‘ಯಾವಾಗ ಅಂದರೆ’, ನಡುವಿನ ಅಲ್ಪವಿರಾಮ ಅಂದರೆ ‘ಮತ್ತು’):

ಅಜ್ಜ(_ಅ, _ಮ) :- ತಂದೆ(_ಅ, _ತ), ತಂದೆ(_ತ, _ಮ).
ಅಜ್ಜ(_ಅ, _ಮ) :- ತಂದೆ(_ಅ, _ತ), ತಾಯಿ(_ತ, _ಮ).
ದೊಡ್ಡಪ್ಪ(_ದ, _ಮ) :- ತಂದೆ(_ತ, _ಮ), ಅಣ್ಣ(_ದ, _ತ).
ದೊಡ್ಡಪ್ಪ(_ದ, _ಮ) :- ತಾಯಿ(_ತ, _ಮ), ಅಕ್ಕ(_ಕ, _ತ), ಗಂಡ(_ದ, _ಕ).

ಮುಂದಿನ ಅಡಿಗೆರೆ ಯಾಕೆ ಅಂದರೆ, ಪ್ರೊಲಾಗ್‌ನಲ್ಲಿ ಚರಗಳು ದೊಡ್ಡಕ್ಷರದಿಂದ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ಬರಬೇಕು? ಅಡಿಗೆರೆಯೇ ಗತಿ. ಇದಾದ ಮೇಲೆ ಚಿಕ್ಕಪ್ಪ, ಸೋದರಮಾವ, ಸೋದರತ್ತೆಯ ಗಂಡ... ಒಂದು ‘ಅಂಕಲ್’ಗೆ ಬದಲಾಗಿ ಪುಟ ತುಂಬಿತು. ಲ್ಯಾಬ್ ಮೇಡಂ ನೋಡಿ, ‘ನಿಮ್ಮ ಮನೇಲಿ ಮದುವೆಗೆ ಎಷ್ಟು ಪತ್ರಿಕೆ ಹಂಚ್ತೀರೋ’ ಅಂದರು.

ಕೋಡುಬಳೆ
ಸೋದರಮಾವನ ಮಗಳಿಗೆ ನಿಯಮ ಬರೆದೆಯಾ ಮಾಣಿ?

ಮಲೆನಾಡ_ಮಾಣಿ
ಬರೆದೆ. ಉತ್ತರ ‘ಫಾಲ್ಸ್’ ಬಂತು. ಮಾವನಿಗೆ ಮೂವರೂ ಗಂಡುಮಕ್ಕಳು.

ಮಂಜು_ಮ್ಯೂನಿಕ್
‘ಪೂರ್ವಜ’ ಅಂತ ಒಂದು ನಿಯಮ ಬರೆದೆಯಾ? ಅಲ್ಲೊಂದು ಗಮ್ಮತ್ತಿದೆ. ಅಜ್ಜ, ಮುತ್ತಜ್ಜ, ಅವರಪ್ಪ ಅಂತ ಎಷ್ಟೇ ತಲೆಮಾರು ಹೇಳಿ, ಒಂದೊಂದಕ್ಕೂ ಒಂದು ಸೂತ್ರ ಬರೆಯಬಹುದು. ‘ಎಷ್ಟೋ ತಲೆಮಾರು ಹಿಂದಿನವನು’ ಅನ್ನೋದನ್ನ ಮಾತ್ರ ತಂದೆ-ತಾಯಿ ಸಂಬಂಧ ಒಂದನ್ನೇ ಇಟ್ಟುಕೊಂಡು ಫಸ್ಟ್ ಆರ್ಡರ್ ಲಾಜಿಕ್‌ನಲ್ಲಿ ಬರೆಯೋಕೆ ಆಗೋದೇ ಇಲ್ಲ.

ಹಠಮಾರಿ_ಹುಬ್ಬಳ್ಳಿ
ಬರೀಲಿಕ್ಕೆ ಆಗೂದಿಲ್ಲ ಅಂತ ಹೆಂಗ ಹೇಳ್ತೀರಿ? ಇನ್ನೂ ಯಾರೂ ಬರದಿಲ್ಲ ಅನ್ರಿ.

ಮಂಜು_ಮ್ಯೂನಿಕ್
ಇಲ್ಲ ಅಣ್ಣ, ಆಗಲ್ಲ ಅಂತಲೇ ಸಾಧಿಸಿದ್ದಾರೆ. ಅಂಥ ಸೂತ್ರ ಇದೆ ಅಂತಲೇ ಇಟ್ಟುಕೊಳ್ಳೋಣ. ಅದರ ಪ್ರಕಾರ ಗ ಅನ್ನುವವನು ಮ-ನ ಪೂರ್ವಜ. ಈಗ ಒಂದೊಂದೇ ಮಾತು ಸೇರಿಸ್ತಾ ಹೋಗಿ: ಗ ಅವನ ಅಪ್ಪ-ಅಮ್ಮ ಅಲ್ಲ, ಅಜ್ಜ-ಅಜ್ಜಿ ಅಲ್ಲ, ಮುತ್ತಜ್ಜ-ಮುತ್ತಜ್ಜಿ ಅಲ್ಲ, ಹೀಗೆ ಕೊನೆಯೇ ಇಲ್ಲದೆ. ಇದರಲ್ಲಿ ಯಾವ ಹತ್ತು ಅಥವಾ ಸಾವಿರ ಮಾತು ತಗೊಂಡರೂ ನಡೆಯುತ್ತದೆ, ಗ-ನನ್ನು ಇನ್ನೂ ಹಿಂದಕ್ಕೆ ತಳ್ಳಿದರಾಯಿತು. ಫಸ್ಟ್ ಆರ್ಡರ್ ಲಾಜಿಕ್‌ಗೆ ಒಂದು ಗುಣ ಇದೆ, ಕಾಂಪ್ಯಾಕ್ಟ್‌ನೆಸ್ ಅಂತಾರೆ. ಬಿಡಿಬಿಡಿಯಾಗಿ ಎಷ್ಟು ತಗೊಂಡರೂ ನಡೆಯುವುದಾದರೆ ಒಟ್ಟಿಗೂ ನಡೆಯಬೇಕು. ಒಟ್ಟಿಗೆ ನಡೆದರೆ ಗ ಪೂರ್ವಜ, ಆದರೆ ಯಾವ ತಲೆಮಾರಿನವನೂ ಅಲ್ಲ! ಅಂಥ ಅಜ್ಜ ಎಲ್ಲಿದ್ದಾನೆ? ಹಾಗಾಗಿ ಆ ಸೂತ್ರವೇ ಇಲ್ಲ.

1999ರಲ್ಲಿ ಎಸ್‌ಕ್ಯೂಎಲ್‌ಗೆ ರಿಕರ್ಸಿವ್ ಕ್ವೆರಿ (ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುವ ಪ್ರಶ್ನೆ) ಸೇರಿಸಬೇಕಾಗಿ ಬಂದದ್ದರ ಹಿಂದೆ ಇರೋದು ಇದೇ ಕೊರತೆ. 1970ರಲ್ಲಿ ಐಬಿಎಂನ ಕಾಡ್ ಅನ್ನುವವರು ರಿಲೇಷನಲ್ ಡೇಟಾಬೇಸ್ (ಕೋಷ್ಟಕಗಳಲ್ಲಿ ಮಾಹಿತಿ ಇಡುವ ಪದ್ಧತಿ) ಹಾಕಿಕೊಟ್ಟಾಗ ಬುನಾದಿ ಇಟ್ಟದ್ದು ಫಸ್ಟ್ ಆರ್ಡರ್ ಲಾಜಿಕ್ ಮೇಲೆ. ಅದರ ಬಲವೂ ಬಂತು, ಮಿತಿಯೂ ಬಂತು.

ಹಠಮಾರಿ_ಹುಬ್ಬಳ್ಳಿ
ಎರಡು ಸಲ ಓದಿದೆ. ಒಪ್ಪಿದೆ. ಇದೊಂದೇ ಮತ್ತ.

ಮಲೆನಾಡ_ಮಾಣಿ
ನನ್ನ ಪ್ರೊಲಾಗ್‌ನಲ್ಲಿ ಪೂರ್ವಜ ಎರಡೇ ಸಾಲಿನಲ್ಲಿ ಓಡಿತಲ್ಲ ಅಣ್ಣ? ಪ್ರೊಲಾಗ್ ಅಂದರೆ ಅದೇ ತರ್ಕ ತಾನೇ?

ಮಂಜು_ಮ್ಯೂನಿಕ್
ಪೂರ್ತಿ ಅಲ್ಲ. 1972ರಲ್ಲಿ ಮಾರ್ಸೇಲ್ಸ್‌ನಲ್ಲಿ ಕೊಲ್ಮೆರೌವರ್ ತಂಡ ಅದನ್ನು ಕಟ್ಟಿದಾಗ ತಗೊಂಡದ್ದು ತರ್ಕದ ಒಂದು ತುಂಡನ್ನು, ಬೇಗ ಓಡುವ ತುಂಡನ್ನು. ಜೊತೆಗೆ ಒಂದು ಹೊರಗಿನ ಒಪ್ಪಂದ ಇದೆ. ನಿಯಮದಿಂದ ಹುಟ್ಟಿದ್ದಷ್ಟೇ ನಿಜ, ಮಿಕ್ಕಿದ್ದು ಸುಳ್ಳು. ಸಾಧಿಸೋಕೆ ಆಗಲಿಲ್ಲವಾ, ಹಾಗಾದರೆ ‘ಇಲ್ಲ’. ಶುದ್ಧ ತರ್ಕದಲ್ಲಿ ಸಾಧಿಸೋಕೆ ಆಗಲಿಲ್ಲ ಅಂದರೆ ಸಾಧಿಸೋಕೆ ಆಗಲಿಲ್ಲ, ಅಷ್ಟೇ.

ರಾಗಿಮುದ್ದೆ
ಇದು ನನಗೆ ಚೆನ್ನಾಗಿ ಗೊತ್ತು. ನಮ್ಮ ತಾತ ಪಿಂಚಣಿ ಆಫೀಸಿಗೆ ಹೋಗಿದ್ದರು. ಯಾವ ಆಫೀಸು ಅಂತ ಬೇಡ. ಜೀವಂತ ಇದ್ದೇನೆ ಅಂತ ನವೆಂಬರ್‌ನಲ್ಲಿ ಕೊಟ್ಟ ಕಾಗದ ಕಂಪ್ಯೂಟರಿಗೆ ಏರಿಲ್ಲ. ‘ನೀವು ಬದುಕಿರೋದಕ್ಕೆ ದಾಖಲೆ ಇಲ್ಲ’ ಅಂದರು. ತಾತ ಕೌಂಟರ್ ಮೇಲೆ ಕೈ ಊರಿ, ‘ಸತ್ತಿರೋದಕ್ಕೆ ಇದೆಯಾ?’ ಅಂದರು. ಕ್ಲರ್ಕ್ ಹುಡುಕಿ ನೋಡಿ ಅದೂ ಇಲ್ಲ ಅಂದ.

ಗಣಿತದ_ಮೇಷ್ಟ್ರು
ನಿಮ್ಮ ತಾತನಿಗೆ ನಮಸ್ಕಾರ ತಿಳಿಸಿ.

ಹೊಸಬ_ತುಮಕೂರು
ಚರ್ಚೆ ಎಲ್ಲೆಲ್ಲೋ ಹೋಯಿತು, ನಾನು ಇನ್ನೂ ಇದ್ದೇನೆ ಸ್ವಾಮಿ. ಕೋಡುಬಳೆ ಅಣ್ಣ ಬೇಡ ಅಂದರೂ ನಾಟ್ ಇನ್ ಹಾಕಿ ನೋಡಿದೆ. ‘ಫೇಲಾದವರ ರೋಲ್ ನಂಬರುಗಳಲ್ಲಿ ಇಲ್ಲದವರನ್ನು ಕೊಡು’ ಅಂತ. ಈಗ ಪಟ್ಟಿಯೇ ಖಾಲಿ. ಒಬ್ಬರೂ ಪಾಸಿಲ್ಲ!

ಕೋಡುಬಳೆ
ಹೇಳಿದೆನಲ್ಲ! ಫೇಲಾದವರ ಸಾಲುಗಳಲ್ಲಿ ಎಲ್ಲೋ ಒಂದು ಕಡೆ ರೋಲ್ ನಂಬರ್ ಖಾಲಿ ಬಿಟ್ಟಿದ್ದಾರೆ, ಹುಡುಕಿ. ಖಾಲಿ ಅಂದರೆ ನಲ್. ‘101 ಈ ಖಾಲಿಗೆ ಸಮವೇ?’ ಅಂತ ಕೇಳಿದರೆ ಎಸ್‌ಕ್ಯೂಎಲ್ ಹೌದು ಅನ್ನಲ್ಲ, ಇಲ್ಲ ಅನ್ನಲ್ಲ, ‘ಗೊತ್ತಿಲ್ಲ’ ಅನ್ನುತ್ತದೆ. ಆ ಖಾಲಿ ಜಾಗದಲ್ಲಿ ಇರಬೇಕಾದ್ದು 101 ಇರಬಹುದಲ್ಲ? ಹೀಗೆ ಪ್ರತಿಯೊಬ್ಬರಿಗೂ ‘ಗೊತ್ತಿಲ್ಲ’ ಬಂತು, ಪ್ರತಿಯೊಬ್ಬರೂ ಪಟ್ಟಿಯಿಂದ ಹೊರಗೆ. ಫ್ರೆಗೆಯ ಲೋಕದಲ್ಲಿ ನಿಜ, ಸುಳ್ಳು ಎರಡೇ. ಡೇಟಾಬೇಸಿನವರು ಮೂರನೆಯದನ್ನು ತಂದು ಮಧ್ಯೆ ಕೂರಿಸಿದ್ದಾರೆ.

ಹಳೇ ಕ್ವೆರಿಗೇ ವಾಪಸ್ ಹೋಗಿ. ಹೋಗುವ ಮುಂಚೆ ಒಂದು ಪ್ರಶ್ನೆ: ಗೈರುಹಾಜರಾದವರಿಗೆ ಮಾರ್ಕ್ಸ್ ಕಾಲಂನಲ್ಲಿ ಏನು ತುಂಬಿದ್ದೀರಿ?

ಹೊಸಬ_ತುಮಕೂರು
ಏನೂ ತುಂಬಿಲ್ಲ. ಖಾಲಿ.

ಕೋಡುಬಳೆ
ಖಾಲಿ 35ಕ್ಕಿಂತ ಕಡಿಮೆಯೇ? ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಫೇಲ್ ಅಂತ ಎಣಿಸಲ್ಲ. ನಿಮ್ಮ 412ರಲ್ಲಿ ಪರೀಕ್ಷೆಯ ದಿನ ಮನೆಯಲ್ಲಿ ಮಲಗಿದ್ದವರೂ ಇದ್ದಾರೆ.

ರಾಗಿಮುದ್ದೆ
ನಾನು ಈ ಕಾಲೇಜಿಗೆ ಅರ್ಜಿ ಹಾಕ್ತೀನಿ.

ಕನ್ನಡಿಗ_007
ಈಗ ಎಐ ಬಂದಿದೆಯಲ್ಲ, ಅದನ್ನೇ ಕೇಳಿದರೆ ಆಯಿತು. ಈ ತರ್ಕ ಎಲ್ಲ ಇನ್ನು ಯಾಕೆ ಬೇಕು?

ಮಂಜು_ಮ್ಯೂನಿಕ್
ನಾನು ಮಾಡುವ ಕೆಲಸವೇ ಅದು. ಪ್ರೋಗ್ರಾಂ ಯಾರೇ ಬರೆದಿರಲಿ, ಮನುಷ್ಯನೋ ಎಐಯೋ, ಅದು ಯಾವ ಇನ್‌ಪುಟ್‌ಗೂ ತಪ್ಪುವುದಿಲ್ಲ ಅಂತ ಸಾಧಿಸಬೇಕು. ‘ಯಾವ ಇನ್‌ಪುಟ್‌ಗೂ’ ಅನ್ನೋದೇ ‘ಎಲ್ಲ’. ಝೆಡ್3 ಥರದ ಸಾಲ್ವರ್‌ಗೆ, ಅಂದರೆ ಸೂತ್ರ ಪರೀಕ್ಷಿಸುವ ಸಾಫ್ಟ್‌ವೇರ್‌ಗೆ, ಪ್ರೋಗ್ರಾಂ ಅನ್ನು ಸೂತ್ರ ಮಾಡಿ ಕೊಡುತ್ತೇವೆ. ಅದು ಮೇಷ್ಟ್ರ ಕರಿ ಆನೆಯನ್ನು ಹುಡುಕುತ್ತದೆ. ಸಿಕ್ಕರೆ ನಮಗೆ ಬಗ್ ಸಿಕ್ಕಿತು.

ಸಿಗದಿದ್ದರೆ? ಅಲ್ಲಿದೆ ತಲೆನೋವು. ಸೂತ್ರ ಎಲ್ಲ ಲೋಕದಲ್ಲೂ ನಿಜವಾಗಿದ್ದರೆ ಅದಕ್ಕೊಂದು ಸಾಧನೆ, ಅಂದರೆ ಪ್ರೂಫ್, ಇದ್ದೇ ಇರುತ್ತದೆ ಅಂತ ತರ್ಕಶಾಸ್ತ್ರಜ್ಞ ಗೋಡೆಲ್ 1929ರಲ್ಲಿ ತೋರಿಸಿದ. ಹುಡುಕುತ್ತಾ ಹೋದರೆ ಒಂದು ದಿನ ಸಿಗುತ್ತದೆ. ನಿಜವಲ್ಲದಿದ್ದರೆ ಹುಡುಕಾಟ ನಿಲ್ಲದೇ ಹೋಗಬಹುದು. ಯಾವ ಸೂತ್ರ ಕೊಟ್ಟರೂ ಹುಡುಕಾಟ ನಿಲ್ಲುತ್ತದೋ ಇಲ್ಲವೋ ಅಂತ ಮೊದಲೇ ಹೇಳುವ ಯಂತ್ರ ಸಾಧ್ಯವೇ ಇಲ್ಲ ಅಂತ 1936ರಲ್ಲಿ ಚರ್ಚ್ ಮತ್ತು ಟ್ಯೂರಿಂಗ್ ಬೇರೆ ಬೇರೆ ದಾರಿಯಲ್ಲಿ ತೋರಿಸಿದರು. ಹಾಗಾಗಿ ರಾತ್ರಿ ಸಾಲ್ವರ್ ಓಡಲು ಬಿಟ್ಟು ಮಲಗಿ, ಬೆಳಗ್ಗೆ ಎದ್ದು ನೋಡಿದರೆ ಅದು ‘ಅನ್‌ನೋನ್’ ಅಂತ ಒಂದೇ ಪದ ಬರೆದು ಕೂತಿರುತ್ತದೆ. ಕಾಫಿ ಕುಡಿದು ಸೂತ್ರ ಬೇರೆ ಥರ ಬರೆಯಬೇಕು.

ಒಮ್ಮೊಮ್ಮೆ ಕಾದದ್ದಕ್ಕೆ ಫಲವೂ ಇದೆ. 1930ರ ದಶಕದಿಂದ ಬಿಡಿಸಲಾಗದೆ ಉಳಿದಿದ್ದ, ರಾಬಿನ್ಸ್ ಸಮಸ್ಯೆ ಅನ್ನುವ ಬೀಜಗಣಿತದ ಪ್ರಶ್ನೆಯನ್ನು 1996ರಲ್ಲಿ ವಿಲಿಯಂ ಮೆಕ್ಯೂನ್ ಅವರ ಪ್ರೋಗ್ರಾಂ ಬಿಡಿಸಿತು. ಸುಮಾರು ಎಂಟು ದಿನ ಓಡಿತ್ತು.

ಗಣಿತದ_ಮೇಷ್ಟ್ರು
ಎಂಟು ದಿನ ಕರೆಂಟ್ ಹೋಗದೇ ಇದ್ದದ್ದು ದೊಡ್ಡ ವಿಷಯ.

ಹೊಸಬ_ತುಮಕೂರು
ಎಲ್ಲರಿಗೂ ಧನ್ಯವಾದ. ಗೈರುಹಾಜರಿಯನ್ನೂ ಫೇಲ್ ಅಂತ ಸೇರಿಸಿದೆ, ‘ಕನಿಷ್ಠ ಒಂದು ವಿಷಯ’ ಷರತ್ತನ್ನೂ ಹಾಕಿದೆ. 412ರಲ್ಲಿ ಗೇಟು ದಾಟದ ಒಂಬತ್ತು ಜನ ಹೋದರು, ಮಲಗಿದ್ದವರು ಆರು ಜನ ಹೋದರು, 397 ಉಳಿಯಿತು. ಪ್ರಿನ್ಸಿಪಾಲರು ಸಹಿ ಹಾಕಿದರು. ಸಹಿ ಹಾಕುತ್ತಲೇ, ‘ಹಾಗೇ ಇನ್ನೊಂದು ಪಟ್ಟಿ ಕೊಟ್ಟುಬಿಡಪ್ಪಾ, ಎಲ್ಲರೂ ಪಾಸಾಗದ ವಿಷಯಗಳು’ ಅಂದರು. ಹೂಂ ಅಂದು ಬಂದು ಸೀಟಿನಲ್ಲಿ ಕೂತಿದ್ದೇನೆ.

ನುಡಿಮಲ್ಲಿಗೆ
ಒಬ್ಬರೂ ಪಾಸಾಗದ ವಿಷಯವೋ, ಕೆಲವರು ಪಾಸಾಗದೆ ಉಳಿದ ವಿಷಯವೋ? ಎದ್ದು ವಾಪಸ್ ಹೋಗಿ ಕೇಳಿ!

ಕೋಡುಬಳೆ
ಯಾರೂ ತಗೊಳ್ಳದ ವಿಷಯ ಒಂದಾದರೂ ಇದೆಯಾ ನಿಮ್ಮಲ್ಲಿ?

ಹೊಸಬ_ತುಮಕೂರು
ಎರಡಿವೆ.

ರಾಗಿಮುದ್ದೆ
ಕೊಟ್ಟಿಗೆ ಬಾಗಿಲು ಹಾಕ್ರಪ್ಪಾ, ಆನೆ ವಾಪಸ್ ಬರ್ತಿದೆ.